ಬಾಚದೆ ಬಿಟ್ಟ ಕೂದಲು

ನನ್ನ ಕಾಯಿಲೆ ಎಲ್ಲರಿಗಿಂತ ಮೊದಲು ಗೊತ್ತಾಗಿದ್ದು ನನ್ನ ಮಗಳ ತಲೆಗೆ. ರಕ್ತ ಪರೀಕ್ಷೆ, ಎಕ್ಸ್‌ರೇ, ದಾವಣಗೆರೆಯ ಡಾಕ್ಟರು ಇವೆಲ್ಲ ಆಮೇಲಿನ ಮಾತು. ಅದಕ್ಕೂ ನಾಲ್ಕೈದು ತಿಂಗಳು ಮುಂಚೆಯೇ, ಬೆಳಿಗ್ಗೆ ಸ್ಕೂಲ್ ವ್ಯಾನ್ ಬರುವ ಹೊತ್ತಿಗೆ ಅವಳನ್ನು ಮುಂದೆ ಕೂರಿಸಿಕೊಂಡು ಬಾಚಣಿಗೆ ಹಿಡಿದರೆ, ಅದು ನನ್ನ ಬೆರಳಿನಿಂದ ಜಾರಿ ಅವಳ ಭುಜದ ಮೇಲೆ ಬೀಳುತ್ತಿತ್ತು. "ಎಣ್ಣೆ ಕೈ ಕಣೆ" ಅನ್ನುತ್ತಿದ್ದೆ. ಎಣ್ಣೆ ಮುಟ್ಟದ ದಿನವೂ ಅದನ್ನೇ ಅನ್ನುತ್ತಿದ್ದೆ. ಎಂಟು ವರ್ಷದ ಹುಡುಗಿ, ಏನೂ ಕೇಳದೆ ಬಾಚಣಿಗೆ ಎತ್ತಿ ಹಿಂದಕ್ಕೆ ಚಾಚುತ್ತಿದ್ದಳು.

ಇದನ್ನು ಮೊಬೈಲಿನಲ್ಲಿ ಎರಡು ಬೆರಳಿನಿಂದ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ದಿನಕ್ಕೆ ಅರ್ಧ ಪುಟವಾದರೆ ಹೆಚ್ಚು. ಇಷ್ಟು ಕಷ್ಟಪಟ್ಟು ಬರೆಯುವುದಕ್ಕೆ ಒಂದೇ ಕಾರಣ. ದಾವಣಗೆರೆ ಆಸ್ಪತ್ರೆಯ ಬೆಂಚಿನ ಮೇಲೆ ನಮ್ಮಂಥ ಹೆಂಗಸರು ಸಾಲಾಗಿ ಕೂತಿರುತ್ತಾರೆ, ಎಲ್ಲರ ಕೈಯೂ ಸೆರಗಿನ ಒಳಗೆ. ಚಳಿಗಾಲವಾದರೆ ಸರಿ ಅನ್ನಬಹುದು, ಮೇ ತಿಂಗಳಲ್ಲೂ ಹಾಗೇ. ನಾನೂ ಹಾಗೇ ಕೂತವಳು. ಈ ಬರಹ ಓದುವವರಲ್ಲಿ ಒಬ್ಬಳಾದರೂ ಕೈ ಹೊರಗೆ ತೆಗೆದು "ನೋಯ್ತೈತೆ" ಅಂತ ಮನೆಯವರಿಗೆ ಹೇಳಿದರೆ ನನಗೆ ಅಷ್ಟು ಸಾಕು.

ನನ್ನ ತವರು ಮೊಳಕಾಲ್ಮೂರು. ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದವಳು. ಚಳ್ಳಕೆರೆಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷವಾಯಿತು. ಮನೆಯವರು ಬಸವರಾಜ, ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಫಿಟ್ಟರ್. ಅತ್ತೆ ಗಂಗಮ್ಮ. ಮಗಳು ಸಿರಿ. ಇಷ್ಟೇ ನಮ್ಮ ಮನೆ. ನಾನು ಮನೆಯಲ್ಲೇ ಕೂತು ರೇಷ್ಮೆ ಸೀರೆಗಳ ಸೆರಗಿಗೆ ಕುಚ್ಚು ಕಟ್ಟುತ್ತಿದ್ದೆ. ತವರಿನ ಕಡೆಯಿಂದ ಸೀರೆ ಬರುತ್ತಿದ್ದವು, ಇಲ್ಲಿನ ಮದುವೆ ಮನೆಗಳಿಂದಲೂ ಬರುತ್ತಿದ್ದವು. ಎಂಥ ಎಳೆ ಸಿಕ್ಕಾದರೂ ನನ್ನ ಬೆರಳು ಬಿಡಿಸುತ್ತವೆ ಎಂಬ ಹೆಮ್ಮೆ ನನಗಿತ್ತು. ಹೆಮ್ಮೆ ಏನು, ಸೊಕ್ಕು ಅನ್ನಿ.

ಆ ಸೊಕ್ಕೆಲ್ಲ ಕಾಣುತ್ತಿದ್ದದ್ದು ಸಿರಿಯ ತಲೆಯಲ್ಲಿ. ಅವಳದು ಅಪ್ಪನ ಕಡೆಯ ಕೂದಲು. ದಟ್ಟ, ಸುರುಳಿ, ಬಿಟ್ಟರೆ ಸೊಂಟದ ಕೆಳಗೆ ಬರುತ್ತದೆ. ಭಾನುವಾರ ಎಣ್ಣೆ, ಸೀಗೆಕಾಯಿ, ಬಿಸಿಲಲ್ಲಿ ಒಣಗಿಸುವುದು. ಉಳಿದ ದಿನ ಎರಡು ಜಡೆ, ರಿಬ್ಬನ್ ಮಡಚಿ ಕಟ್ಟುವುದು. ನಮ್ಮೂರಿನ ಗಾಳಿ ಗೊತ್ತಲ್ಲ, ವ್ಯಾನಿನ ಕಿಟಕಿ ಪಕ್ಕ ಕೂತು ಬಂದರೆ ಸಂಜೆಗೆ ಜಡೆ ಪೂರಾ ಎದ್ದು ನಿಂತಿರುತ್ತಿತ್ತು. ಸಂಜೆ ಇನ್ನೊಮ್ಮೆ ಬಿಚ್ಚಿ ಬಾಚುತ್ತಿದ್ದೆ. ವ್ಯಾನ್ ಹತ್ತಿಸಲು ಬಂದ ಬೇರೆ ತಾಯಂದಿರ ಎದುರು ನನ್ನ ಬಾಯಿ ಸುಮ್ಮನಿರುತ್ತಿರಲಿಲ್ಲ. "ಆ ಹುಡುಗಿ ತಲೆ ನೋಡ್ರಿ, ಗುಬ್ಬಿ ಗೂಡು ಕಟ್ಟೈತೆ. ಅವ್ರವ್ವಂಗೆ ಮನೇಲಿ ಅಂಥಾದ್ದೇನ್ ಕೆಲ್ಸಾನೋ" ಅಂದಿದ್ದೇನೆ. ಒಂದು ಸಲವಲ್ಲ, ಬೇಕಾದಷ್ಟು ಸಲ. ಆ ಹುಡುಗಿಯ ತಾಯಿಗೆ ಏನು ಕಷ್ಟವಿತ್ತೋ, ಕೇಳಿದವಳಲ್ಲ.

ಹೀಗಿದ್ದ ನನಗೆ ಒಂದು ಬೆಳಿಗ್ಗೆ ಎದ್ದಾಗ ಮುಷ್ಟಿ ಮುಚ್ಚಲಿಲ್ಲ. ಬೆರಳ ಗಿಣ್ಣುಗಳು ಊದಿದ್ದವು. ಬಿಸಿನೀರಿನಲ್ಲಿ ಅದ್ದಿಕೊಂಡು ಕೂತರೆ ಒಂಬತ್ತು, ಹತ್ತು ಗಂಟೆ ಹೊತ್ತಿಗೆ ಸಡಿಲವಾಗುತ್ತಿದ್ದವು. ಕುಚ್ಚು ಕಟ್ಟಿ ಕಟ್ಟಿ ಹೀಗಾಗಿದೆ ಅಂದುಕೊಂಡೆ. ನಂತರ ಮಣಿಕಟ್ಟು, ಪಾದ, ಭುಜ. ಹೊಸಿಲು ದಾಟಲು ಗೋಡೆ ಹಿಡಿಯಬೇಕಾಯಿತು. ಅವ್ವ ಮೊಳಕಾಲ್ಮೂರಿಂದ ಫೋನ್ ಮಾಡಿ ಅಭ್ಯಾಸದಂತೆ ತೆಲುಗಿನಲ್ಲಿ "ಚೇತುಲು ಎಲಾ ಉನ್ನಾಯಿ ತಲ್ಲೀ?" ಅಂತ ಕೈ ಹೇಗಿವೆಯೆಂದು ಕೇಳಿದರೆ "ಬಾಗುನ್ನಾಯಮ್ಮಾ" ಅನ್ನುತ್ತಿದ್ದೆ. ಅತ್ತೆ ಕೇಳಿದರೆ "ಏನಿಲ್ರಿ, ಚೆನ್ನಾಗೈತೆ" ಅನ್ನುತ್ತಿದ್ದೆ. ಎರಡು ಭಾಷೆಯಲ್ಲೂ ಸುಳ್ಳು ಹೇಳಿದೆ.

ಯಾಕೆ ಮುಚ್ಚಿಟ್ಟೆ? ಮೂವತ್ತನಾಲ್ಕು ವರ್ಷಕ್ಕೆ ಮುದುಕಿಯ ಹಾಗೆ ಕೈಕಾಲು ನೋವು ಅಂದರೆ ನಾಟಕ ಅಂದಾರು ಅನ್ನಿಸಿತ್ತು. ಕೆಲಸಗಳ್ಳಿ ಎಂಬ ಮಾತು ನನ್ನ ಬಾಯಿಂದ ಬೇರೆಯವರ ಮೇಲೆ ಎಷ್ಟೋ ಸಲ ಬಂದಿತ್ತಲ್ಲ, ಅದು ತಿರುಗಿ ನನ್ನ ಮೇಲೆ ಬರುವುದು ನನಗೆ ಬೇಕಿರಲಿಲ್ಲ.

ಸಿರಿಯ ತಲೆಗೆ ಒಂದು ಉಪಾಯ ಮಾಡಿಕೊಂಡೆ. ಮೇಲಿನ ಕೂದಲು ಮಾತ್ರ ನೀರು ಹಚ್ಚಿ ನುಣ್ಣಗೆ ಬಾಚುವುದು. ಕತ್ತಿನ ಹಿಂದೆ, ಒಳಗಿನ ಕೂದಲನ್ನು ಹಾಗೇ ಬಿಟ್ಟು, ಮೇಲಿನದನ್ನು ಅದರ ಮೇಲೆ ಎಳೆದು ಸಡಿಲವಾಗಿ ಜಡೆ ಹಾಕುವುದು. ನೋಡುವವರಿಗೆ ಎಂದಿನ ಸಿರಿಯೇ. ಹೊರಗೆ ರಿಬ್ಬನ್ನು, ಒಳಗೆ ದಿನದಿಂದ ದಿನಕ್ಕೆ ಬಿಗಿಯಾಗುವ ಗಂಟು. ನಾಳೆ ಕೈ ಸರಿಯಾದ ಮೇಲೆ ಬಿಡಿಸಿದರಾಯಿತು ಅಂದುಕೊಂಡೆ. ಆ ನಾಳೆ ಬರಲೇ ಇಲ್ಲ.

ಕೊನೆಗೆ ಕೈಯಿಂದ ಹಾಲಿನ ಪಾತ್ರೆ ಬಿದ್ದು ಮನೆಯವರ ಕಣ್ಣಿಗೆ ಸಿಕ್ಕಿಬಿದ್ದೆ. ಇಲ್ಲಿನ ಕ್ಲಿನಿಕ್ಕಿನಿಂದ ದಾವಣಗೆರೆಗೆ ಬರೆದುಕೊಟ್ಟರು. ಬೆಳಗಿನ ಪ್ರೈವೇಟ್ ಬಸ್ಸಿನಲ್ಲಿ ಕಂಬಿ ಹಿಡಿಯಲಾಗದೆ ಸೀಟಿನ ಹಿಂಬದಿಗೆ ಮೊಣಕೈ ಸಿಕ್ಕಿಸಿಕೊಂಡು ನಿಂತು ಹೋದೆ. ಆಸ್ಪತ್ರೆಯಲ್ಲಿ ಟೋಕನ್ ನಲವತ್ತೊಂದು. ಮಧ್ಯಾಹ್ನ ಎರಡಕ್ಕೆ ಒಳಗೆ ಕರೆದರು. ಡಾಕ್ಟರಮ್ಮ ನನಗಿಂತ ಚಿಕ್ಕ ವಯಸ್ಸಿನವರು, ಒಂದೊಂದೇ ಗಿಣ್ಣನ್ನು ಮೆಲ್ಲಗೆ ಒತ್ತಿ ನೋಡಿದರು. ಅಷ್ಟು ಮೃದುವಾಗಿ ನನ್ನ ಕೈಯನ್ನು ಯಾರೂ ಹಿಡಿದಿರಲಿಲ್ಲ, ಕಣ್ಣಲ್ಲಿ ನೀರು ಬಂದುಬಿಟ್ಟಿತು.

"ಇದು ಸಂಧಿವಾತ. ವಯಸ್ಸಾದ್ಮೇಲೆ ಬರೋ ಮಂಡಿನೋವಲ್ಲ, ಬೇರೆ ಥರದ್ದು. ನಿಮ್ಮ ತಪ್ಪಿನಿಂದ ಬಂದಿದ್ದಲ್ಲ" ಅಂದರು.

"ಎಷ್ಟು ದಿನ ಮಾತ್ರೆ ತಗಾಬೇಕ್ರಿ?" ಅಂತ ಮನೆಯವರು ಕೇಳಿದರು.

"ದಿನದ ಲೆಕ್ಕ ಇಲ್ಲ. ತಗೊಳ್ತಾ ಇರ್ಬೇಕು. ಹತೋಟಿಗೆ ಬರುತ್ತೆ, ಧೈರ್ಯವಾಗಿರಿ. ಆದ್ರೆ ಮಾತ್ರೆ ಹಿಡಿಯೋಕೆ ಎರಡು ಮೂರು ತಿಂಗಳು ಬೇಕು."

ಮನೆಯವರು ತಲೆ ಆಡಿಸಿದರು. ಹೊರಗೆ ಬಂದು "ಟೀ ತರ್ತೀನಿ, ಕೂತ್ಕೋ" ಅಂದು ಹೋದವರು ಮುಕ್ಕಾಲು ಗಂಟೆ ಬರಲಿಲ್ಲ. ಬಂದಾಗ ಕೈಯಲ್ಲಿ ಟೀ ಇರಲಿಲ್ಲ. ಒಳ್ಳೆಯ ಮನುಷ್ಯ, ಎಂಥ ಯಂತ್ರ ಕೆಟ್ಟರೂ ಬಿಚ್ಚಿ ಜೋಡಿಸುತ್ತಾರೆ. ಬಿಚ್ಚಲಾಗದ ವಿಷಯ ಬಂದರೆ ಮಾತೇ ಹೊರಡುವುದಿಲ್ಲ. ಚಳ್ಳಕೆರೆವರೆಗೂ ಬಸ್ಸಿನಲ್ಲಿ ಪಕ್ಕದಲ್ಲಿ ಗಂಡ ಕೂತಿದ್ದರೂ ನಾನು ಒಬ್ಬಳೇ ಹೋಗುತ್ತಿದ್ದೇನೆ ಅನ್ನಿಸಿತು.

ಮಾತ್ರೆ ಹಿಡಿಯುವ ಮುಂಚೆ ಕಾಯಿಲೆ ಉಲ್ಬಣಿಸಿತು. ಆಷಾಢದಲ್ಲಿ ಮೂರು ವಾರ ಮಂಚ ಬಿಟ್ಟು ಏಳಲಿಲ್ಲ. ಅತ್ತೆ ಅಡಿಗೆ ನೋಡಿಕೊಂಡರು, ನನ್ನ ಬಟ್ಟೆ ಒಗೆದರು, ಒಂದು ದಿನವೂ ಗೊಣಗಲಿಲ್ಲ. ಅವರಿಗೆ ಕಣ್ಣು ಮಂಜು, ಸಿರಿಯ ತಲೆಯನ್ನು ಬಿಚ್ಚಿ ಬಾಚುವುದು ಅವರ ಕೈಲಾಗದು. ಬೆಳಿಗ್ಗೆ ಎಲ್ಲ ಕೂದಲನ್ನೂ ಒಟ್ಟಿಗೆ ಹಿಡಿದು ತುರುಬು ಕಟ್ಟಿ ಕಳಿಸುತ್ತಿದ್ದರು. ಮಲಗಿದ ಕಡೆಯಿಂದ ನಾನು ಆ ತುರುಬನ್ನೇ ನೋಡುತ್ತಿದ್ದೆ. ಅದರ ಒಳಗೆ ಏನಿದೆ ಅಂತ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ ಅಂತ ಆಗ ತಿಳಿದಿದ್ದೆ.

ಶ್ರಾವಣದ ಒಂದು ಮಂಗಳವಾರ ಅತ್ತೆ ಅವಳಿಗೆ ತಲೆಗೆ ನೀರು ಹಾಕಲು ಕೂರಿಸಿಕೊಂಡರು. ಬಚ್ಚಲಿನಿಂದ ಒಮ್ಮೆಗೇ ನೀರಿನ ಸದ್ದು ನಿಂತಿತು. ಆಮೇಲೆ ಅತ್ತೆಯ ಕೂಗು.

"ಶೋಭಾ! ಏ ಶೋಭಾ! ಅಮ್ಮ ಬಂದವ್ಳೆ ಕಣೆ! ಕೂಸಿನ ತಲೇಲಿ ಜಟೆ ಬಂದೈತೆ!"

ಗೋಡೆ ಹಿಡಿದುಕೊಂಡು ಹೋದೆ. ಕತ್ತಿನ ಹಿಂದೆ ಅಂಗೈ ಅಗಲ ಕೂದಲು ಒಂದಕ್ಕೊಂದು ಹೆಣೆದು ಗಟ್ಟಿ ಚಾಪೆಯಾಗಿತ್ತು. ಬೆರಳು ಹೋಗುವಂತಿರಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳ ತಲೆಯಲ್ಲಿ ಹೀಗೆ ಜಟೆ ಕಟ್ಟಿದರೆ ಅದು ಗುಡ್ಡದಮ್ಮ ತಾನಾಗಿ ಬಂದು ನೆಲೆಸಿದ ಗುರುತು ಅನ್ನುತ್ತಾರೆ. ಅದಕ್ಕೆ ಬಾಚಣಿಗೆ ತಾಗಿಸಬಾರದು, ಕತ್ತರಿ ಅಂತೂ ಮಾತೇ ಇಲ್ಲ. ಅರಿಶಿನ ಹಚ್ಚಿ, ಸಾಯುವ ತನಕ ಹೊತ್ತುಕೊಂಡಿರಬೇಕು. ಅಂಥ ಒಬ್ಬ ಮುದುಕಿಯನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೆ. ಎಲ್ಲರೂ ಕಾಲಿಗೆ ಬೀಳುತ್ತಿದ್ದರು, ಯಾರೂ ಪಕ್ಕದಲ್ಲಿ ಕೂರುತ್ತಿರಲಿಲ್ಲ.

ಅತ್ತೆ ಒದ್ದೆ ಸೀರೆಯಲ್ಲೇ ಮೊಮ್ಮಗಳಿಗೆ ಕೈ ಮುಗಿದರು. ಅಳುತ್ತಿದ್ದರು, ಸಂತೋಷದ ಅಳು. ನಾನು ಬಾಯಿ ತೆರೆದೆ. "ಅತ್ತೆ, ಅದು ನಾನು ಬಾಚದೆ ಬಿಟ್ಟಿದ್ದು" ಎಂಬ ಐದು ಮಾತು ಗಂಟಲವರೆಗೆ ಬಂದವು. ಅಷ್ಟರಲ್ಲಿ ಅವರು ನನ್ನ ಕಡೆ ತಿರುಗಿ ನನ್ನ ಎರಡೂ ಊದಿದ ಕೈಗಳನ್ನು ಹಿಡಿದುಕೊಂಡರು.

"ಈಗ ಗೊತ್ತಾತು ನೋಡು ನಿನ್ ಕೈ ಯಾಕ್ ಹಿಂಗಾತು ಅಂತ. ಅಮ್ಮ ಒಲೀತಿದ್ಲು, ನೀನು ಬಾಚಣಿಗೆ ಹಿಡಿದು ಅಡ್ಡ ಹೋಗ್ತಿದ್ದೆ. ಅದ್ಕೇ ಕೈ ಕಟ್ಟಿದ್ಲು. ಇನ್ ವಾಸಿಯಾಗ್ತೈತೆ ಬಿಡವ್ವ, ಹೆದರ್ಬ್ಯಾಡ."

ಬಾಯಿ ಮುಚ್ಚಿಕೊಂಡೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕ್ಷಣ ನನಗೆ ಹಗುರವಾಯಿತು. ನಾನು ಕೆಲಸಗಳ್ಳಿಯಲ್ಲ, ಕೆಟ್ಟ ತಾಯಿಯಲ್ಲ, ನನ್ನ ನೋವಿಗೂ ಒಂದು ಕಾರಣ ಸಿಕ್ಕಿತು, ಅದೂ ದೇವರ ಕಾರಣ. ಅಕ್ಕಪಕ್ಕದವರು ಬಂದು ಕುಂಕುಮ ಇಟ್ಟು ಹೋದರು. ಅತ್ತೆ ನನಗೆ ರಾಗಿ ಗಂಜಿಯನ್ನು ತಾವೇ ಕುಡಿಸಿದರು. ಮದುವೆಯಾದ ಮೇಲೆ ಆ ಮನೆಯಲ್ಲಿ ಅಷ್ಟು ಅಕ್ಕರೆ ಕಂಡಿದ್ದು ಅದೇ ಮೊದಲು. ಆದರೆ ಮನೆ ತುಂಬ ಜನ, ಒಬ್ಬರ ಹತ್ತಿರವೂ ನಿಜ ಹೇಳುವಂತಿಲ್ಲ. ಕಾಯಿಲೆಯಲ್ಲಿ ಒಬ್ಬಳೇ ಮಲಗಿದ್ದಾಗಲೂ ಅಷ್ಟು ಒಂಟಿ ಅನ್ನಿಸಿರಲಿಲ್ಲ.

ಬರುವ ಹುಣ್ಣಿಮೆಗೆ ಗುಡ್ಡದ ಗುಡಿಗೆ ಹೋಗಿ, ಜಟೆಯನ್ನು ಅಮ್ಮನ ಹೆಸರಿಗೆ ಒಪ್ಪಿಸಿ ಬರುವುದು ಎಂದು ಅತ್ತೆ ನಿಶ್ಚಯ ಮಾಡಿದರು. ಅಲ್ಲಿ ಒಪ್ಪಿಸಿದ ಮೇಲೆ ಮುಗಿಯಿತು, ಯಾರೂ ಬಿಡಿಸುವಂತಿಲ್ಲ. ಮನೆಯವರು "ನೋಡಾನ ಬಿಡು" ಅಂದು ಮಿಲ್ಲಿಗೆ ಹೋದರು. ಹುಣ್ಣಿಮೆಗೆ ಹದಿಮೂರು ದಿನವಿತ್ತು.

ಸಿರಿಯ ಆಟ ನಿಂತುಹೋಯಿತು. ಸ್ಕೂಲಿನಲ್ಲಿ ಪಕ್ಕ ಕೂರುತ್ತಿದ್ದ ಗೆಳತಿಯ ಮನೆಯಲ್ಲಿ "ಮೈಲಿಗೆಯಾದೀತು, ಮುಟ್ಟಬೇಡ" ಅಂದಿದ್ದರಂತೆ. ಮಧ್ಯಾಹ್ನದ ಊಟಕ್ಕೆ ಒಬ್ಬಳೇ ಕೂರುತ್ತಿದ್ದಳು. ಒಂದು ಸಂಜೆ ಬ್ಯಾಗ್ ಇಳಿಸಿ ಬಂದು ನನ್ನ ಮಂಚದ ತುದಿಯಲ್ಲಿ ಕೂತು ಕೇಳಿದಳು.

"ಅವ್ವ, ದೇವ್ರು ಬಂದ್ರೆ ಕುಂಟೆಬಿಲ್ಲೆ ಆಡ್ಬಾರ್ದಾ?"

"ಯಾರಂದ್ರು?"

"ಯಾರೂ ಅಂದಿಲ್ಲ. ಯಾರೂ ಕರೆಯಲ್ಲ."

ಗೋಡೆ ಕಡೆ ತಿರುಗಿ ಮಲಗಿದೆ. ಅವಳು ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದಳು. ನನ್ನ ಜೀವನದಲ್ಲಿ ನನಗೆ ನಾನೇ ಕ್ಷಮಿಸಿಕೊಳ್ಳಲಾಗದ ಸಂಜೆ ಅಂದರೆ ಅದು.

ಆ ಗುರುವಾರ ದಾವಣಗೆರೆಗೆ ಎರಡನೇ ತಪಾಸಣೆ. ಮನೆಯವರಿಗೆ ರಜೆ ಸಿಗಲಿಲ್ಲ, ಒಬ್ಬಳೇ ಹೋದೆ. ಬೆಂಚಿನ ಮೇಲೆ ಪಕ್ಕದಲ್ಲಿ ಒಬ್ಬ ದಪ್ಪ ಹೆಂಗಸು ಕೂತಿದ್ದರು, ಅವರ ಕೈ ಮಾತ್ರ ಸೆರಗಿನ ಹೊರಗೆ. ಬೆರಳುಗಳೆಲ್ಲ ಒಂದು ಪಕ್ಕಕ್ಕೆ ವಾಲಿದ್ದವು, ಅದರ ಮೇಲೆ ಹಸಿರು ಗಾಜಿನ ಬಳೆ. "ಏನಮ್ಮಾ, ಚಳ್ಳಕೆರೆ ಅಲ್ವಾ ನೀವು? ಬಸ್ಸಲ್ಲಿ ನೋಡ್ದೆ" ಅಂದರು. ಅವರೂ ನಮ್ಮೂರಿನವರೇ, ಮಾರ್ಕೆಟ್ ಬೀದಿಯಲ್ಲಿ ಬಳೆ, ರಿಬ್ಬನ್, ಕ್ಲಿಪ್ಪಿನ ಅಂಗಡಿ. ಶಮೀಮ್ ಆಪಾ. ಅವರಿಗೆ ಈ ಕಾಯಿಲೆ ಬಂದು ಹದಿನಾಲ್ಕು ವರ್ಷವಂತೆ.

ಅರ್ಧ ದಿನ ಕಾಯುವ ಜಾಗದಲ್ಲಿ ಪರಿಚಯವಿಲ್ಲದವರ ಹತ್ತಿರ ಮನಸ್ಸು ಬಿಚ್ಚುವುದು ಸುಲಭ. ಮನೆಯಲ್ಲಿ ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದೆ. ಬಾಚಣಿಗೆ ಬಿದ್ದದ್ದು, ಮೇಲೆ ಮೇಲೆ ಬಾಚಿದ್ದು, ಜಟೆ, ಹುಣ್ಣಿಮೆ ಎಲ್ಲ. ಆಪಾ ದೇವರ ವಿಷಯಕ್ಕೆ ಹೋಗಲಿಲ್ಲ. ನನ್ನನ್ನು ಬೈಯಲೂ ಇಲ್ಲ.

"ಬಚ್ಚಿ ಏನಂತಾಳೆ?" ಅಂದರು.

ಸಿರಿಯನ್ನು ನಾನು ಕೇಳಿಯೇ ಇರಲಿಲ್ಲ.

"ಜರಾ ಅವಳನ್ನ ಕೇಳಿ. ಬಾಕಿ ನಾನು ಹೇಳ್ತೀನಿ" ಅಂದು ಚೀಲದಿಂದ ಒಂದು ಬ್ರಷ್ ತೆಗೆದರು. ಅಂಥದ್ದನ್ನು ನಾನು ನೋಡಿರಲಿಲ್ಲ. ಅದಕ್ಕೆ ಹಿಡಿಕೆಯೇ ಇಲ್ಲ, ಅಂಗೈಯಲ್ಲಿ ಕೂರುವ ಆಕಾರ. ಒಂದು ಸಾಲು ಉದ್ದ ಹಲ್ಲು, ಒಂದು ಸಾಲು ಗಿಡ್ಡ ಹಲ್ಲು, ಮುಟ್ಟಿದರೆ ಬಾಗುತ್ತವೆ. ಮಕ್ಕಳ ಉದ್ದ ಕೂದಲಿನ ಸಿಕ್ಕು ಬಿಡಿಸಲೆಂದೇ ಮಾಡಿದ್ದಂತೆ. ಗಂಟು ಎದುರಾದರೆ ಹಲ್ಲು ತಾನೇ ಬಾಗಿ ದಾರಿ ಮಾಡಿಕೊಳ್ಳುತ್ತದೆ, ಕಿತ್ತು ತರುವುದಿಲ್ಲ. ಆಪಾ ತಮ್ಮ ಬ್ರಷ್ಷಿನ ಬೆನ್ನಿಗೆ ಅಡ್ಡಡ್ಡ ಎಲಾಸ್ಟಿಕ್ ಪಟ್ಟಿ ಬಿಗಿದಿದ್ದರು, ಅದರೊಳಗೆ ಕೈ ತೂರಿಸಿದರೆ ಬೆರಳು ಮಡಚುವುದೇ ಬೇಡ.

"ಮೊಮ್ಮಗಳ ತಲೆ ಇದ್ರಲ್ಲೇ ಬಾಚೋದು ನಾನು. ಬೆರಳು ಬ್ಯಾಡ, ಅಂಗೈ ಸಾಕು. ನಾಳೆ ಅಂಗಡಿಗೆ ಬನ್ನಿ, ನಿಮ್ಮ ಕೈ ಅಳತೆಗೆ ಪಟ್ಟಿ ಹಾಕಿ ಕೊಡ್ತೀನಿ. ಎಣ್ಣೆ ಜಾಸ್ತಿ ಹಾಕಿ, ತುದಿಯಿಂದ ಶುರು ಮಾಡಿ, ಬುಡಕ್ಕೆ ಆಮೇಲೆ ಹೋಗಿ."

ಅದು ನನಗೆ ಗೊತ್ತಿದ್ದ ಪಾಠವೇ. ರೇಷ್ಮೆ ಎಳೆ ಸಿಕ್ಕಾದರೆ ಎಳೆಯಬಾರದು, ಅಗಲಿಸಬೇಕು ಅಂತ ಅವ್ವ ಕಲಿಸಿದ್ದಳು. ಡಾಕ್ಟರಮ್ಮನ ಹತ್ತಿರ ಏನು ಹೇಳಿದೆ, ಅವರೇನು ಹೇಳಿದರು, ಅರ್ಧಂಬರ್ಧ ನೆನಪು. ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ಕೈಗಳನ್ನು ತೊಡೆಯ ಮೇಲೆ ಹೊರಗಿಟ್ಟುಕೊಂಡು ಕೂತಿದ್ದೆ.

ಮಾರನೇ ದಿನ ಆಪಾ ಅಂಗಡಿಗೆ ಹೋಗಿ ಬ್ರಷ್ ತಂದೆ, ಸಂಜೆ ಸಿರಿಯನ್ನು ಕೇಳಿದೆ. "ನಿಂಗೆ ಇದು ಇರ್ಲಾ, ಹೋಗ್ಲಾ?"

ಅವಳು ಬಾಗಿಲ ಕಡೆ ನೋಡಿ, ಅಜ್ಜಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು, "ಹೋಗ್ಲಿ ಅವ್ವ" ಅಂದಳು. "ಆದ್ರೆ ಅಜ್ಜಿ ಅಳ್ತಾಳೆ."

ಮರುದಿನ ಮಧ್ಯಾಹ್ನ ಅತ್ತೆ ಅಡಿಗೆಮನೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಎದುರಿಗೆ ಹೋಗಿ ಕೂತೆ. ಕೆಳಗೆ ಕೂರಲು ನನಗೆ ಎರಡು ನಿಮಿಷ ಬೇಕು. ಅವರು ಕಾದರು.

"ಅತ್ತೆ, ಅದು ಅಮ್ಮ ಬಂದಿದ್ದಲ್ರಿ. ನಾನು ಬಾಚಿಲ್ಲ. ಹೊಸ ವರ್ಷದಿಂದ ಒಳಗಿನ ಕೂದ್ಲು ಬಾಚಿಲ್ಲ. ಕೈ ಆಗ್ತಿರ್ಲಿಲ್ಲ, ಹೇಳೋಕೆ ನಾಚ್ಕೆ ಆತು. ಮೇಲೆ ಮೇಲೆ ಬಾಚಿ ಮುಚ್ಚಿಟ್ಟೆ."

ಸುಲಿಯುವ ಕೈ ನಿಂತಿತು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಅವರ ಮುಖ ಮಾತ್ರ ಇಳಿದುಹೋಯಿತು.

"ಹಂಗಾದ್ರೆ ಬಂದಿಲ್ವಾ?" ಅಂದರು. "ಅಮ್ಮ ಬಂದಿಲ್ವಾ ಶೋಭಾ? ಅರವತ್ತೆಂಟು ವರ್ಷ ನಡಕೊಂಡೀನಿ ಅವಳ ಹತ್ರಕ್ಕೆ. ಕೊನೆಗಾಲದಾಗೆ ನನ್ ಮನೆಗೆ ಬಂದ್ಲು ಅಂದ್ಕೊಂಡಿದ್ದೆ."

ನನಗೆ ಅದು ಹೊಳೆದೇ ಇರಲಿಲ್ಲ. ನನ್ನ ಸುಳ್ಳು ಮಗಳಿಗೆ ಮಾತ್ರ ಅನ್ಯಾಯ ಮಾಡಿದೆ ಅಂದುಕೊಂಡಿದ್ದೆ. "ತಪ್ಪಾತ್ರಿ ಅತ್ತೆ" ಅಂದೆ. ಅವರು ಶೇಂಗಾದ ಮೊರ ಎತ್ತಿಕೊಂಡು ಹಿತ್ತಲಿಗೆ ಹೋದರು. ಸಂಜೆ ನೋಡಿದರೆ ದೇವರ ಮೂಲೆಯಲ್ಲಿ ಸಿರಿಗಾಗಿ ಇಟ್ಟಿದ್ದ ಅರಿಶಿನದ ಬಟ್ಟಲು ಇರಲಿಲ್ಲ. ಬೀದಿಯಲ್ಲಿ ಯಾರೋ ಕೇಳಿದ್ದಕ್ಕೆ "ಇಲ್ಲ, ಬರೀ ಸಿಕ್ಕು" ಅಂದರಂತೆ. ಅಷ್ಟು ಹೇಳಲು ಆ ಹೆಂಗಸಿಗೆ ಎಷ್ಟು ಸಂಕಟವಾಗಿರಬೇಕು. ಆಮೇಲೆ ನನ್ನ ಜೊತೆ ಮಾತು ಬಿಟ್ಟರು. ತಟ್ಟೆ ಮುಂದಿಡುವರು, ಮಾತ್ರೆ ಪಕ್ಕದಲ್ಲಿಡುವರು, ಮುಖ ನೋಡುತ್ತಿರಲಿಲ್ಲ.

ಮನೆಯವರಿಗೂ ಹೇಳಿದೆ. "ಅಷ್ಟು ದಿನ ಹೆಂಗೆ ಸುಮ್ನಿದ್ಯೇ ನೀನು?" ಅಂದರು. ಮಾರನೇ ದಿನ ಮಿಲ್ಲಿನಿಂದ ಬರುವಾಗ ಒಂದು ಕ್ಯಾನ್ ಶೇಂಗಾ ಎಣ್ಣೆ ತಂದು ನನ್ನ ಮುಂದಿಟ್ಟರು. "ಬೇರಿಂಗು ಹಿಡ್ಕೊಂಡ್ರೆ ನಾವು ಇದನ್ನೇ ಬಿಡೋದು" ಅಂದರು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ ಮಾರಾಯರೇ ಅನ್ನಬೇಕೆಂದುಕೊಂಡೆ, ಅವರ ಮುಖ ನೋಡಿ ಅನ್ನಲಿಲ್ಲ. ಅದನ್ನೇ ಹಚ್ಚಿದೆ. ಎರಡು ವಾರ ನನ್ನ ಮಗಳ ತಲೆ ಮಿರ್ಚಿ ಅಂಗಡಿ ವಾಸನೆ ಹೊಡೆಯಿತು.

ಹತ್ತು ದಿನ ಹಿಡಿಯಿತು. ಸಂಜೆ ಬಿಸಿಲು ಇರುವಾಗ ಹಿತ್ತಲ ಕಟ್ಟೆ ಮೇಲೆ ನಾನು, ಕೆಳಗಿನ ಮೆಟ್ಟಿಲ ಮೇಲೆ ಅವಳು. ಬ್ರಷ್ಷಿನ ಪಟ್ಟಿಯೊಳಗೆ ಕೈ ತೂರಿಸಿ, ಎಡಗೈಯಿಂದ ಕೂದಲಿನ ಬುಡ ಒತ್ತಿ ಹಿಡಿದು, ತುದಿಯಿಂದ ಒಂದೊಂದು ಇಂಚು. ದಿನಕ್ಕೆ ಕಾಲು ಗಂಟೆ, ಅಷ್ಟೇ ನನ್ನ ಕೈಯ ಶಕ್ತಿ. ಹಲ್ಲು ಗಂಟಿಗೆ ತಾಗಿ ಬಾಗಿ ಆಚೆ ಬರುವಾಗ ಸರ್ರ್ ಅಂತ ಸಣ್ಣ ಸದ್ದು. ಮೂರನೇ ದಿನ ಏನೂ ಬಿಡಿಸಲಾಗಲಿಲ್ಲ. ಕತ್ತರಿ ಹಾಕಿಬಿಡಲೇ ಅನ್ನಿಸಿತು, ನನ್ನ ಹೆಬ್ಬೆರಳು ಕತ್ತರಿಯ ತೂತಿನಲ್ಲಿ ಹೋಗಲಿಲ್ಲ. ಒಬ್ಬಳೇ ಕೂತು ಅತ್ತುಬಿಟ್ಟೆ. ಬೆಳಿಗ್ಗೆ ಎದ್ದು ಮತ್ತೆ ಎಣ್ಣೆ ಹಚ್ಚಿದೆ.

ಐದನೇ ದಿನ ಸಿರಿ ಮುಂದೆ ನೋಡುತ್ತಲೇ ಹೇಳಿದಳು.

"ಅವ್ವ, ಗಂಟು ಐತೆ ಅಂತ ನಂಗೆ ಮೊದ್ಲೇ ಗೊತ್ತಿತ್ತು."

"ಯಾವಾಗಿಂದ?"

"ವ್ಯಾನಲ್ಲಿ ಕಿಟಕಿ ಹತ್ರ ಕೂರೋದು ಬಿಟ್ಟಾಗಿಂದ. ನಿನ್ ಕೈ ನಡುಗ್ತಿತ್ತು. ಹೇಳಿದ್ರೆ ನೀನು ಬಾಚ್ತೀಯ, ಬಾಚಿದ್ರೆ ನಿಂಗೆ ನೋಯ್ತೈತೆ. ಅದ್ಕೇ ಅಜ್ಜಿ ತುರುಬು ಕಟ್ಟುವಾಗ ನಾನೇ ಒಳಗೆ ತುರುಕ್ತಿದ್ದೆ."

ಅಯ್ಯೋ ಕಂದಾ. ನಾನು ಮಂಚದ ಮೇಲೆ ಒಬ್ಬಳೇ ಅನುಭವಿಸುತ್ತಿದ್ದೇನೆ ಅಂದುಕೊಂಡಿದ್ದಷ್ಟು ದಿನವೂ, ನಾಲ್ಕು ಮಾರು ದೂರದಲ್ಲಿ ಎಂಟು ವರ್ಷದ ಮಗು ಅದೇ ಗುಟ್ಟನ್ನು ತನ್ನ ತಲೆಯಲ್ಲಿ ಹೊತ್ತುಕೊಂಡು ಸ್ಕೂಲಿಗೆ ಹೋಗಿ ಬರುತ್ತಿತ್ತು. ಅವಳ ಎಣ್ಣೆ ತಲೆಗೆ ಮುಖ ಒತ್ತಿಕೊಂಡೆ.

ಇದೆಲ್ಲ ನಡೆದು ಒಂದೂವರೆ ವರ್ಷವಾಯಿತು. ಕಾಯಿಲೆ ಹೋಗಿಲ್ಲ, ಹೋಗುವುದೂ ಇಲ್ಲ. ಮಾತ್ರೆ ಹಿಡಿದಿದೆ. ಬೆಳಗಿನ ಬಿಗಿತ ಅರ್ಧ ಗಂಟೆಗೆ ಇಳಿದಿದೆ. ಸಣ್ಣ ಕುಚ್ಚು ಕಟ್ಟಲಾಗುವುದಿಲ್ಲ, ದೊಡ್ಡ ಗಂಟಿನವು ಆಗುತ್ತವೆ. ಗುರುವಾರಗಳಲ್ಲಿ ಆಪಾ ಜೊತೆ ಒಂದೇ ಬಸ್ಸಿಗೆ ಹೋಗುತ್ತೇನೆ. ಕೆಲವು ಬೆಳಿಗ್ಗೆ ಈಗಲೂ ಹೊಸಿಲ ಹತ್ತಿರ ನಿಂತು ಗೋಡೆ ಹುಡುಕುತ್ತೇನೆ, ಆಗ ಲೋಕದಲ್ಲಿ ನನ್ನ ಬಿಟ್ಟು ಇನ್ಯಾರೂ ಇಲ್ಲ ಅನ್ನಿಸುತ್ತದೆ. ಅದು ಹೋಗುತ್ತದೆ ಅಂತ ಸುಳ್ಳು ಭರವಸೆ ಕೊಡಲಾರೆ. ಆದರೆ ಹೇಳಬೇಕಾದ್ದು ಆ ಹತ್ತನೇ ದಿನದ ಸಂಜೆಯದು.

ಕೊನೆಯ ಗಂಟು ಬಿಟ್ಟುಕೊಂಡಿತು. ಉದುರಿದ ಕೂದಲು ಒಂದು ಹಿಡಿ ಬಂದಿತ್ತು, ಉಳಿದದ್ದು ಸೊಂಟದವರೆಗೆ ಬಿಡಿಬಿಡಿಯಾಗಿ ಇಳಿದಿತ್ತು. ಸಿರಿ ತಲೆ ಅತ್ತಿತ್ತ ಬೀಸಿ ನೋಡಿಕೊಂಡಳು. ಬೀದಿಗೆ ಓಡುತ್ತಾಳೆ ಅಂದುಕೊಂಡೆ. ಓಡಲಿಲ್ಲ. ಬ್ರಷ್ಷನ್ನು ನನ್ನ ಕೈಯಿಂದ ಬಿಡಿಸಿಕೊಂಡು "ಅವ್ವ, ಈಗ ನೀನು ಕೆಳಗ್ ಕೂರು" ಅಂದಳು.

"ನಂದೇನೈತೆ, ಬಿಡು."

"ಕೂರು ಅಂದ್ರೆ ಕೂರು."

ಕೂತೆ. ನನ್ನ ತುರುಬು ಬಿಚ್ಚಲು ಅವಳ ಪುಟ್ಟ ಕೈ ಹಿಂದೆ ಪರದಾಡುತ್ತಿತ್ತು. ಪಿನ್ನು ತೆಗೆದಳು. ಅವಳ ಬೆರಳು ಕತ್ತಿನ ಹಿಂದೆ ಬಂದು ತಡೆದು ನಿಂತವು. ನನ್ನ ಭುಜ ಎತ್ತಲು ಬಾರದೆ ಎಷ್ಟೋ ತಿಂಗಳಾಗಿತ್ತು. ನನ್ನ ತಲೆಯನ್ನು ಯಾರೂ ನೋಡಿರಲಿಲ್ಲ, ನಾನೂ ನೋಡಿಕೊಂಡಿರಲಿಲ್ಲ.

"ಅಜ್ಜೀ!" ಅಂತ ಒಳಗೆ ಕೂಗಿದಳು. "ಅಜ್ಜೀ, ಬಾ ಇಲ್ಲಿ! ಅವ್ವನ ತಲೇಲೂ ಐತೆ!"

ಅತ್ತೆ ಹೊರಗೆ ಬಂದರು. ಹತ್ತು ಹನ್ನೆರಡು ದಿನದಿಂದ ನನ್ನ ಮುಖ ನೋಡದಿದ್ದವರು ಹಿಂದೆ ಬಂದು ನಿಂತು, ಬಗ್ಗಿ, ಕಣ್ಣು ಕಾಣದ್ದಕ್ಕೆ ಬೆರಳಿನಿಂದ ಮುಟ್ಟಿ ನೋಡಿದರು. ಬಹಳ ಹೊತ್ತು ಮುಟ್ಟಿದರು. ಆಮೇಲೆ ಕಟ್ಟೆ ಮೇಲೆ ಕೂತು, ನನ್ನ ಎರಡೂ ಭುಜ ಹಿಡಿದು ತಮ್ಮ ಮೊಣಕಾಲ ನಡುವೆ ಎಳೆದುಕೊಂಡರು.

"ಕೊಡೇ ಅದನ್ನ" ಅಂತ ಮೊಮ್ಮಗಳ ಕೈಯಿಂದ ಬ್ರಷ್ ತೆಗೆದುಕೊಂಡರು. "ಎಲ್ಲಿಂದ ಶುರು ಮಾಡೋದಿದು?"

"ತುದಿಯಿಂದ ಅಜ್ಜಿ. ಎಳೀಬ್ಯಾಡ."

ಅತ್ತೆ ನಿಧಾನವಾಗಿ ಒಮ್ಮೆ ಬಾಚಿದರು. ಹಲ್ಲು ಗಂಟಿಗೆ ಸಿಕ್ಕಿತು, ನನ್ನ ಕತ್ತು ಹಿಂದಕ್ಕೆ ವಾಲಿತು.

"ನೋಯ್ತೈತೇನೆ?" ಅಂದರು.

ಏನಿಲ್ರಿ, ಚೆನ್ನಾಗೈತೆ ಅನ್ನಲು ಬಾಯಿ ತೆರೆದಿದ್ದೆ.

"ಹ್ಞೂ ಅತ್ತೆ" ಅಂದೆ. "ಬಾಳ ನೋಯ್ತೈತೆ."